ಶೋಧಶಾಲೆಗೊಂದು ಗುರುತು

"ಕೇಳ್ರಪ್ಪೋ ಕೇಳ್ರಿ! ಹೊಸ ಮದ್ದು ಹುಡುಕುವ ಮಹಾರಾಜರ ಶೋಧಶಾಲೆಗೆ ಒಂದು ಗುರುತು ಬೇಕಾಗಿದೆ. ಬಾಗಿಲ ಮೇಲೆ, ಪತ್ರದ ಮೇಲೆ, ಮದ್ದಿನ ಪೊಟ್ಟಣದ ಮೇಲೆ ಒತ್ತುವಂಥ ಗುರುತು. ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ಆ ಕೆಲಸ, ಜೊತೆಗೆ ಹತ್ತು ಹಳ್ಳಿ ಉಂಬಳಿ. ತಪ್ಪಿದವನ ತಲೆ ಅಮಾವಾಸ್ಯೆಯ ದಿನ ಹಾರುತ್ತದೆ!"

ಡಂಗುರದವನು ಕೊನೆಯ ಮಾತನ್ನು ಮೆಲ್ಲಗೆ ಹೇಳಿದನೋ ಏನೋ, ಚಿತ್ರಗಾರರು, ಅಕ್ಕಸಾಲಿಗರು, ಕಲ್ಲುಕುಟಿಗರು ನಾ ಮುಂದೆ ತಾ ಮುಂದೆ ಎಂದು ಅರಮನೆಗೆ ನುಗ್ಗಿದರು. ಒಬ್ಬನ ಕೈಯಲ್ಲಿ ಸಿಂಹದ ಚಿತ್ರ, ಇನ್ನೊಬ್ಬನದು ನವಿಲು. ಶೋಧಶಾಲೆಯೊಳಗೆ ಏನು ನಡೆಯುತ್ತದೆಂದು ಒಬ್ಬ ಮಹಾಶಯನೂ ಇಣುಕಿ ನೋಡಿರಲಿಲ್ಲ.

ಇವರ ನಡುವೆ ಮಾಳಿಂಗನೂ ನಿಂತಿದ್ದ. ಸೀರೆಗೆ ಬಣ್ಣ ಒತ್ತುವ ಮರದ ಅಚ್ಚು ಕೆತ್ತುವುದು ಅವನ ಕಸುಬು. ಹೋದ ವರ್ಷ ಅವನ ತಂಗಿ ನಿಂಬೆವ್ವನಿಗೆ ಜ್ವರ ಬಂದಾಗ, ಅವ್ವ ಶೋಧಶಾಲೆಯ ಪೊಟ್ಟಣ ಬಿಚ್ಚಿ ಪುಡಿ ಕುಡಿಸಿದ್ದಳು. ಅದು ಇಲಿ ಪಾಷಾಣ. ಜ್ವರದ ಪುಡಿಯೂ ಪಾಷಾಣವೂ ಅದೇ ಶಾಲೆಯಿಂದ, ಒಂದೇ ಬಗೆಯ ಬಿಳಿ ಪೊಟ್ಟಣದಲ್ಲಿ ಬರುತ್ತಿದ್ದವು. ಹೆಸರೇನೋ ಬರೆದಿತ್ತು, ಅವ್ವನಿಗೆ ಓದು ಬಾರದು. ಹುಡುಗಿ ಸಂಜೆಯೊಳಗೆ ಹೋಗಿಬಿಟ್ಟಳು. ಅಂದಿನಿಂದ ಊರಿನವರು ಅವ್ವನನ್ನು 'ಮಗಳನ್ನು ಕೊಂದವಳು' ಎನ್ನುತ್ತಿದ್ದರು. ಪಾಪ, ಅವಳೂ ಹಾಗೆಯೇ ನಂಬಿದ್ದಳು. ಆ ಮಾತು ಅಳಿಸದೆ ಮನೆಗೆ ಮರಳುವುದಿಲ್ಲವೆಂದು ಮಾಳಿಂಗ ಹಟ ತೊಟ್ಟು ಬಂದಿದ್ದ.

ಶೋಧಶಾಲೆ ನಡೆಸುತ್ತಿದ್ದವಳು ರಾಜಕುಮಾರಿ ಹೊನ್ನಾಂಬಿಕೆಯೇ. ಅವಳು ಮೊದಲ ಒಗಟು ಹಾಕಿದಳು: "ನೂರು ಸಲ ಸೋತರೂ ಅದಕ್ಕೆ ನಾಚಿಕೆಯಿಲ್ಲ. ಒಂದು ಸಲ ಗೆದ್ದರೆ ಅದಕ್ಕೇ ನಂಬಿಕೆಯಿಲ್ಲ. ಏನದು?"

"ಜೂಜು," ಎಂದ ಅಕ್ಕಸಾಲಿಗ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು. "ಪ್ರೇಮ," ಎಂದ ನವಿಲಿನ ಚಿತ್ರಗಾರ, ಕಣ್ಣು ಅರೆಮುಚ್ಚಿ. ಕಣ್ಣು ತೆರೆಯುವಷ್ಟರಲ್ಲಿ ಅವನೂ ಸೆರೆಯಲ್ಲಿದ್ದ.

"ಪರೀಕ್ಷೆ ರೀ ತಾಯಿ," ಎಂದ ಮಾಳಿಂಗ. "ಬಟ್ಟಿಗೆ ಬಣ್ಣ ಹಿಡೀಲಿ ಅಂತ ನಾವೂ ಹಂಗ ಮಾಡ್ತೀವಿ. ನೂರು ಸಲ ಕೆಡತದ. ಒಮ್ಮೆ ಹಿಡದ್ರೂ ನಂಬಂಗಿಲ್ಲ, ಮತ್ತ ಮತ್ತ ಒಗದು ನೋಡ್ತೀವಿ."

ರಾಜಕುಮಾರಿ ಸರಿಯೆಂದು ತಲೆಯಾಡಿಸಿ ಎರಡನೆಯ ಒಗಟು ಹಾಕಿದಳು: "ಬಾಯಿಲ್ಲ, ಆದರೂ ಒಡೆಯನಿಲ್ಲದ ಕಡೆ ಅವನ ಪರವಾಗಿ ಮಾತಾಡುತ್ತದೆ. ಓದು ಬಾರದವರಿಗೂ ಅದರ ಮಾತು ತಿಳಿಯುತ್ತದೆ. ಏನದು?"

"ಮಹಾರಾಜರ ಖಡ್ಗ!" ಎಂದ ಕಲ್ಲುಕುಟಿಗ. ಮಹಾರಾಜರು ಮೀಸೆಯಡಿ ನಕ್ಕರು. ಮಗಳು ನಗಲಿಲ್ಲ, ಅವನೂ ಸೆರೆ ಸೇರಿದ.

"ಗುರುತು ರೀ," ಎಂದ ಮಾಳಿಂಗ. "ನನ್ನ ಅಚ್ಚಿನ ಮೂಲ್ಯಾಗ ಸಣ್ಣ ಹಕ್ಕಿ ಕೆತ್ತತೀನಿ. ಎಲ್ಲ್ಯೋ ಸಂತ್ಯಾಗ ಹೆಣ್ಮಗಳೊಬ್ಬಾಕಿ ಅದನ್ನ ನೋಡಿ, ಈ ಸೀರಿ ಬಣ್ಣ ಬಿಡಂಗಿಲ್ಲ ಅಂತಾಳ. ಬಿಟ್ರ ಬೈಗುಳ ನನಗ."

ಮಿಕ್ಕವರೆಲ್ಲ ಕುತ್ತಿಗೆ ಸವರಿಕೊಳ್ಳುತ್ತ ಮೆಲ್ಲಗೆ ಜಾರಿಕೊಂಡರು. ಈಗ ಉಳಿದವರು ಇಬ್ಬರೇ: ಮಾಳಿಂಗ ಮತ್ತು ಸಿಂಹ ಹಿಡಿದಿದ್ದ ಆಸ್ಥಾನದ ಚಿತ್ರಗಾರ. ರಾಜಕುಮಾರಿಯ ದನಿ ತಗ್ಗಿತು. "ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಪ್ರಾಣ ಉಳಿಸುತ್ತಾಳೆ, ಒಬ್ಬಳು ತೆಗೆಯುತ್ತಾಳೆ. ಒಂದೇ ಬಟ್ಟೆ ತೊಟ್ಟು ಮನೆಮನೆಗೆ ಹೋಗುತ್ತಾರೆ. ಯಾರವರು? ಅವರನ್ನು ಗುರುತಿಸಲಾಗದೆ ಸಾವಾದರೆ ಹೊಣೆ ಯಾರು?"

"ಶೋಧಶಾಲೆಯ ಮದ್ದು ಮತ್ತು ಪಾಷಾಣ," ಎಂದ ಚಿತ್ರಗಾರ ಥಟ್ಟನೆ. "ಹೊಣೆ, ಹೆಸರು ಓದದೆ ಬಿಚ್ಚಿದ ದಡ್ಡರದು."

"ಭಲೇ!" ಎಂದರು ಮಹಾರಾಜರು.

"ಅರ್ಧ ಸರಿ," ಎಂದಳು ಮಗಳು. "ಅಂದರೆ ತಪ್ಪು."

ಮಾಳಿಂಗ ಚಿತ್ರಗಾರನನ್ನು ಸರಿಸಿ ಮುಂದೆ ಬಂದ. "ಹೊಣೆ ಆ ತಾಯೀದು. ಕೊಲ್ಲಾಕಿಗೂ ಉಳಸಾಕಿಗೂ ಒಂದ ಬಟ್ಟಿ ತೊಡಿಸಿ, ಓದು ಬರದವರ ಮನಿಗೆ ಕಳಿಸಿದಾಕಿದು. ನಿಮ್ಮ ಶಾಲಿದು."

"ನಮ್ಮ ಶಾಲೆಯ ಮೇಲೆ ತಪ್ಪು ಹೊರಿಸುತ್ತೀಯಾ?" ಮಹಾರಾಜರು ಎದ್ದು ನಿಂತರು. ಭಟರು ಕತ್ತಿ ಹಿರಿದರು.

ಮಾಳಿಂಗ ಕದಲಲಿಲ್ಲ. "ತಲಿ ತಗೀರಿ, ದೊರಿ. ಉತ್ತರ ಬದಲಾಗಂಗಿಲ್ಲ."

ರಾಜಕುಮಾರಿ ಕೆಳಗಿಳಿದು ಬಂದು ಅವನ ಪಕ್ಕ ನಿಂತಳು. "ಅಪ್ಪಾಜಿ, ಉತ್ತರ ಸರಿಯಿದೆ. ನನಗೆ ವರ್ಷದಿಂದ ಗೊತ್ತಿತ್ತು. ನಿಮ್ಮೆದುರು ಹೇಳುವ ಧೈರ್ಯವಾಗದೆ ಒಗಟು ಮಾಡಿದೆ." ಮಹಾರಾಜರು ಕತ್ತಿ ಒಳಗಿಡಲು ಭಟರಿಗೆ ಸನ್ನೆ ಮಾಡಿದರು.

ಮಾಳಿಂಗ ಹತ್ತು ಹಳ್ಳಿ ಒಲ್ಲೆನೆಂದ. ಸೆರೆಯಲ್ಲಿದ್ದವರನ್ನು ಬಿಡಿಸಿ, ಮನೆಮನೆಯ ಹಳೆಯ ಪೊಟ್ಟಣಗಳನ್ನು ವಾಪಸು ತರಿಸಿದ ಮೇಲೆಯೇ ಉಳಿ ಹಿಡಿದ. ಕೆತ್ತಿದ್ದನ್ನೆಲ್ಲ ಒತ್ತಿ, ಓದು ಬಾರದ ಹೆಂಗಸರಿಗೆ ತೋರಿಸಿದ. ಅವರು ತಡವರಿಸಿದ ಅಚ್ಚುಗಳನ್ನು ಒಲೆಗೆ ಹಾಕಿದ. ಹಾಗೆ ಹದಿನೆಂಟು ಉರಿದವು. ಕೊನೆಗೆ ಉಳಿದದ್ದು ಬಟ್ಟಲು ಹಿಡಿದ ಹಸಿರು ಕೈ. ಶಾಲೆಯ ಬಾಗಿಲಿಗೂ ಅದೇ, ಮದ್ದಿಗೂ ಅದೇ. ಪಾಷಾಣಕ್ಕೆ ಮೂರು ಮೂಲೆಯ ಕೆಂಪು ಪೊಟ್ಟಣ, ಅದರ ಮೇಲೆ ಅಂಗಾತ ಬಿದ್ದ ಇಲಿ. ಮಹಾರಾಜರು ಅವನನ್ನು ಶೋಧಶಾಲೆಯ ಮುದ್ರೆಗಾರನನ್ನಾಗಿ ನೇಮಿಸಿದರು.

ಮೊದಲ ಪೊಟ್ಟಣಗಳನ್ನು ರಾಜಕುಮಾರಿ ತಾನೇ ಹೊತ್ತು ಮಾಳಿಂಗನ ಮನೆಗೆ ಬಂದಳು. ಓಣಿಯೆಲ್ಲ ನೆರೆಯಿತು. ಒಳಗೆ ಅಡಗಹೊರಟ ಅವ್ವನ ಕೈ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಮ್ಮಾ, ನೀವು ತಪ್ಪು ಮಾಡಲಿಲ್ಲ. ತಪ್ಪು ನಮ್ಮದು."

ಅವ್ವ ಎರಡೂ ಪೊಟ್ಟಣಗಳನ್ನು ತಿರುಗಿಸಿ ನೋಡಿದಳು. "ಇದು ಇಲಿಗೆ," ಎಂದಳು. "ಇದು ಕೂಸಿಗೆ." ಆಮೇಲೆ, ಒಂದು ವರ್ಷದಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಆ ತಾಯಿ, ಮಗಳ ಹೆಸರು ಹಿಡಿದು ಗೋಳೋ ಎಂದು ಅತ್ತಳು.