ಮೂರನೆಯ ಚರಣದ ಭೇಷ್

"ಅಕ್ಕಾವರೇ, ಕಛೇರಿಯ ಟ್ಯಾಬಿನಲ್ಲಿ ಏನನ್ನು ಬರೆದಿಟ್ಟುಕೊಳ್ಳಬೇಕು, ಏನನ್ನು ಬಿಡಬೇಕು?" ಎಂದು ಮಾಲಿನಿ ಕೇಳಿದಳು.

ಮಾಲಿನಿ ತುಂಗಾಬಾಯಿಯವರ ಬಳಿ ಒಂಬತ್ತು ವರ್ಷ ಹಾಡುಗಾರಿಕೆ ಕಲಿತವಳು. ಇನ್ನು ಎಂಟು ದಿನಗಳಲ್ಲಿ ಅವಳ ಮೊದಲ ಪೂರ್ಣ ಕಛೇರಿ ಇತ್ತು. ಹಾಡುಗಳ ಸಾಹಿತ್ಯವನ್ನೆಲ್ಲ ಅವಳು ಒಂದು ಟ್ಯಾಬಿಗೆ ಹಾಕಿದ್ದಳು. ಬೆರಳಿನಿಂದ ಒಮ್ಮೆ ಮುಟ್ಟಿದರೆ ಸಾಕು, ಸಾಲುಗಳು ಗೊತ್ತುಮಾಡಿದ ವೇಗದಲ್ಲಿ ತಾವಾಗಿ ಮೇಲಕ್ಕೆ ಸರಿಯುತ್ತಿದ್ದವು. ಸಾಲುಗಳ ನಡುವೆ ಟಿಪ್ಪಣಿಗಳೂ ಇದ್ದವು. ಇಲ್ಲಿ ಉಸಿರು. ಇಲ್ಲಿ ಎರಡು ಸಲ. ಇಲ್ಲಿ ನೀರು ಕುಡಿಯುವುದು. ಇಲ್ಲಿ ಸಭೆಯನ್ನು ನೋಡಿ ನಗುವುದು.

ತುಂಗಾಬಾಯಿಯವರು ಟ್ಯಾಬನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಎರಡು ಕಡೆ ಮಹಾಪ್ರಾಣ ತಪ್ಪಿತ್ತು. ಬೆರಳಿಟ್ಟು ತೋರಿಸಿದರು. ಮಾಲಿನಿ ತಿದ್ದಿದಳು.

"ನೋಡಿಕೊಂಡು ಹಾಡುವುದು ತಪ್ಪೇ ಎಂದು ನೀನು ಕೇಳಲಿಲ್ಲ. ಒಳ್ಳೆಯದಾಯಿತು," ಎಂದರು. "ತಪ್ಪು ಸಾಹಿತ್ಯವನ್ನು ಕಣ್ಣು ಮುಚ್ಚಿ ಹಾಡುವುದಕ್ಕಿಂತ ಸರಿಯಾದದ್ದನ್ನು ನೋಡಿ ಹಾಡುವುದೇ ಮರ್ಯಾದೆ. ನೀನು ಕೇಳಿದ್ದು ಬೇರೆ ಪ್ರಶ್ನೆ. ನೆಟ್ಟಗೆ ಕುಳಿತುಕೋ."

ಅವರು ಹೇಳಿದ್ದು ಈ ಕತೆ.

ಒಬ್ಬ ಗಾಯಕನಿದ್ದ. ವಚನಗಳನ್ನೂ ದಾಸರ ಪದಗಳನ್ನೂ ಹಾಡುತ್ತಿದ್ದ. ಇನ್ನೂರು ಪದಗಳು ಅವನಿಗೆ ಬಾಯಿಪಾಠವಾಗಿದ್ದವು. ಐವತ್ತೆಂಟನೆಯ ವಯಸ್ಸಿಗೆ ಸಾಲುಗಳು ಜಾರತೊಡಗಿದವು. ಎರಡನೆಯ ಚರಣ ಬರಬೇಕಾದಲ್ಲಿ ನಾಲ್ಕನೆಯದು ಬರುತ್ತಿತ್ತು. ಮರೆತದ್ದನ್ನು ಆಲಾಪದಿಂದ ಮುಚ್ಚಿಬಿಡುವ ಗಾಯಕರಿದ್ದಾರೆ. ಅವನು ಅಂಥವನಲ್ಲ. ಟ್ಯಾಬ್ ಕೊಂಡುಕೊಂಡ.

ಅದನ್ನು ಅಣಿಗೊಳಿಸಲು ಮೂರು ವಾರ ಹಿಡಿಯಿತು. ತಂಬೂರಿ ಮೀಟಿಕೊಂಡು ಒಂದೊಂದು ಪದವನ್ನೂ ಹಾಡಿದ. ಯಾವ ಸಾಲಿಗೆ ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ ಬರೆದುಕೊಂಡ. ನಿಧಾನವಾಗಿ ಹಾಡುವ ಸಾಲು ನಿಧಾನವಾಗಿ ಸರಿಯುವಂತೆ ಮಾಡಿದ. ಚರಣ ಮುಗಿದ ಮೇಲೆ ತಬಲಾ ಮಾತ್ರ ಸ್ವಲ್ಪ ಹೊತ್ತು ಮುಂದೆ ಬಂದು ನುಡಿಯುತ್ತದೆ. ಅದಕ್ಕೆ ಲಗ್ಗಿ ಎನ್ನುತ್ತಾರೆ. ಆ ಜಾಗಕ್ಕೆ ಎಣಿಸಿ ಖಾಲಿ ಸಾಲುಗಳನ್ನು ಬಿಟ್ಟ. ಮುಖ ಸಭೆಗೆ ಮರೆಯಾಗದಂತೆ ಸ್ಟ್ಯಾಂಡನ್ನು ತಗ್ಗಿಸಿಟ್ಟುಕೊಂಡ. ಆಮೇಲೆ ಅವನ ಒಂದು ಸಾಲೂ ಜಾರಲಿಲ್ಲ. ಇಲ್ಲಿಯವರೆಗೆ ಅವನದು ಏನೂ ತಪ್ಪಿಲ್ಲ.

ಅವನಿಗೆ ಒಬ್ಬ ತಬಲಾವಾದಕನಿದ್ದ. ಇಪ್ಪತ್ತೆರಡು ವರ್ಷಗಳಿಂದ ಅವನೊಬ್ಬನಿಗೇ ಸಾಥ್ ಕೊಡುತ್ತ ಬಂದವನು. ಗಾಯಕ ಬಿಗಿ ಮನುಷ್ಯ. ಕೈ ತಪ್ಪಿದರೆ ಹೇಳುತ್ತಿದ್ದ. ಚೆನ್ನಾಗಿ ನುಡಿಸಿದರೆ, ಅದು ಆಗಬೇಕಾದದ್ದೇ ಎಂದು ಸುಮ್ಮನಿರುತ್ತಿದ್ದ. ಗಾಯಕನನ್ನು ಬುವಾ ಎಂದು ಕರೆಯುತ್ತಿದ್ದ ತಬಲಾವಾದಕ ಇಪ್ಪತ್ತೆರಡು ವರ್ಷಗಳಲ್ಲಿ ಅವನ ಬಾಯಿಂದ ಒಂದು ಮೆಚ್ಚಿಗೆಯ ಮಾತನ್ನೂ ಕೇಳಿರಲಿಲ್ಲ.

"ನಮ್ಮನಿ ಕುಕ್ಕರ್ ಸೈತ ಆಗಾಗ ಸೀಟಿ ಹೊಡೀತೈತಿ," ಎಂದು ತಬಲಾವಾದಕನ ಹೆಂಡತಿ ಹಂಗಿಸುತ್ತಿದ್ದಳು. "ನಿಮ್ಮ ಬುವಾಗ ಅಷ್ಟೂ ಬರೂದಿಲ್ಲ."

ಪಕ್ಕದ ಊರಿನಲ್ಲಿ ಒಬ್ಬ ಗಾಯಕಿ ಇದ್ದಳು. ಅವಳು ತಬಲಾವಾದಕನ ಕೈಯನ್ನು ಬಲ್ಲವಳು. ತನ್ನ ಜೊತೆಗೆ ಕಾಯಂ ಆಗಿ ಬಂದುಬಿಡಿ ಎಂದು ಹೇಳಿ ಕಳಿಸಿದಳು. ತಬಲಾವಾದಕ ಹದಿನೈದು ದಿನಗಳ ಗಡುವು ಕೇಳಿದ. ಅವನಿಗೆ ಹೋಗುವ ಮನಸ್ಸಿರಲಿಲ್ಲ. ಉಳಿಯಲು ಒಂದು ಮಾತು ಬೇಕಾಗಿತ್ತು. ಈ ಹದಿನೈದು ದಿನಗಳಲ್ಲಿ ಬುವಾ ಒಮ್ಮೆ ಭೇಷ್ ಎಂದರೆ ಉಳಿಯುತ್ತೇನೆ, ಇಲ್ಲದಿದ್ದರೆ ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿದ. ಗಾಯಕನಿಗೆ ಹೇಳಲಿಲ್ಲ. ಕೇಳಿ ಪಡೆದ ಭೇಷ್ ಅವನಿಗೆ ಬೇಡವಾಗಿತ್ತು.

ಅದೇ ವಾರ ಒಂದು ಮಹಿಳಾ ಸಮಾಜದಲ್ಲಿ ಕಛೇರಿ ನಡೆಯಿತು. ಗಾಯಕ ಕೊನೆಯಲ್ಲಿ ವಂದನೆ ಹೇಳಿದ. ಆ ಟಿಪ್ಪಣಿಯೂ ಟ್ಯಾಬಿನಲ್ಲಿತ್ತು. ಸಮಾಜದ ಅಧ್ಯಕ್ಷೆ ಅವನನ್ನು ಬಾಗಿಲಲ್ಲಿ ನಿಲ್ಲಿಸಿದರು.

"ಮೈಕಿನವರಿಗೆ ವಂದನೆ ಹೇಳಿದ್ರಿ. ಹೂವು ತಂದವರಿಗೆ ಹೇಳಿದ್ರಿ. ತಬಲಾದವರು ಎರಡು ತಾಸು ನಿಮ್ಮ ಬಾಜೂಕ ಕೂತಿದ್ರಲ್ಲ, ಅವರೇನು ದಿಂಬು ಏನ್ರೀ?"

ಗಾಯಕನಿಗೆ ನಿಜವಾಗಿಯೂ ನಾಚಿಕೆಯಾಯಿತು. ಇದನ್ನು ನೀನು ನೆನಪಿಟ್ಟುಕೋ, ಮಾಲಿನಿ. ಅವನು ಕೆಟ್ಟವನಲ್ಲ. ತಪ್ಪು ಕಂಡ ದಿನವೇ ತಿದ್ದಲು ಕುಳಿತ. ಹಿಂದಿನ ಹತ್ತು ಕಛೇರಿಗಳ ಧ್ವನಿಮುದ್ರಣಗಳನ್ನು ತೆಗೆದು ಒಂದೊಂದಾಗಿ ಕೇಳಿದ. ತಬಲಾವಾದಕ ಎಲ್ಲಿ ಎಲ್ಲಿ ಚೆನ್ನಾಗಿ ನುಡಿಸುತ್ತಾನೆ ಎಂದು ಗುರುತು ಹಾಕಿದ. ಕೊನೆಯ ಪದದ ಮೂರನೆಯ ಚರಣ ಮುಗಿದ ಮೇಲಿನ ಲಗ್ಗಿ ಹತ್ತರಲ್ಲಿ ಹತ್ತೂ ಸಲ ಚೆನ್ನಾಗಿ ಬಂದಿತ್ತು. ಅಲ್ಲಿನ ಖಾಲಿ ಸಾಲುಗಳಲ್ಲಿ ಕೆಂಪು ಅಕ್ಷರಗಳಿಂದ ಹೀಗೆ ಬರೆದ: ತಬಲಾದ ಕಡೆ ತಿರುಗು. ಭೇಷ್ ಎನ್ನು.

ಮುಂದಿನ ಕಛೇರಿ ಹದಿಮೂರನೆಯ ದಿನ ಬಂತು. ಮೂರನೆಯ ಚರಣ ಮುಗಿಯಿತು. ತಬಲಾ ನುಡಿಯಿತು. ಕೆಂಪು ಸಾಲು ಮೇಲಕ್ಕೆ ಬಂತು. ಗಾಯಕ ತಿರುಗಿದ. ತಬಲಾವಾದಕನ ಮುಖ ನೋಡಿದ. "ಭೇಷ್!" ಎಂದ.

ತಬಲಾವಾದಕ ಮರುದಿನ ಬೆಳಿಗ್ಗೆಯೇ ಗಾಯಕಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದ.

"ಒಂದ ಭೇಷಿಗೆ ಇಷ್ಟ ಕರಗಿದ್ರಿ?" ಎಂದಳು ಹೆಂಡತಿ.

"ನನ್ನ ಮಾರಿ ನೋಡಿ ಅಂದ್ರು," ಎಂದ ಅವನು.

ಗಾಯಕನಿಗೆ ಮಾತ್ರ ಆ ದಿನ ಒಂದು ತೊಂದರೆಯಾಗಿತ್ತು. ತಿರುಗಿ, ನೋಡಿ, ಹೇಳಿ, ಮತ್ತೆ ಮುಂದೆ ನೋಡುವಷ್ಟರಲ್ಲಿ ನಾಲ್ಕನೆಯ ಚರಣದ ಎರಡು ಸಾಲುಗಳು ಮೇಲೆ ಹೋಗಿಬಿಟ್ಟಿದ್ದವು. ಟ್ಯಾಬು ನಿಲ್ಲುವುದಿಲ್ಲ. ಅವನು ಮೂರನೆಯ ಸಾಲಿನಿಂದ ಹಾಡಿದ. ಸಭೆಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಮನೆಗೆ ಹೋಗಿ ಖಾಲಿ ಸಾಲುಗಳನ್ನು ಹೆಚ್ಚಿಸಿ ನೋಡಿದ. ಹಾಡು ಅಲ್ಲಿ ಜೋತುಬಿದ್ದಂತೆ ತೋರಿತು. ಮತ್ತೆ ಮೊದಲಿನಂತೆಯೇ ಮಾಡಿದ. ಒಂದು ಮಾತು ಹೇಳಲು ಕತ್ತು ತಿರುಗಿಸಬೇಕಾದ ಅಗತ್ಯವಿಲ್ಲ ಎಂದು ತೀರ್ಮಾನಿಸಿದ. "ತಬಲಾದ ಕಡೆ ತಿರುಗು" ಎಂಬುದನ್ನು ಅಳಿಸಿದ. "ಭೇಷ್ ಎನ್ನು" ಎಂಬುದು ಉಳಿಯಿತು.

ಎರಡನೆಯ ಕಛೇರಿಯಲ್ಲಿ ಮೂರನೆಯ ಚರಣ ಮುಗಿದಾಗ ಭೇಷ್ ಬಂತು. ಮೂರನೆಯ ಕಛೇರಿಯಲ್ಲಿಯೂ ಬಂತು. ಗಾಯಕನ ಮುಖ ಈ ಕಡೆ ತಿರುಗಲಿಲ್ಲ. ತಬಲಾವಾದಕ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬುವಾಗೆ ಆ ಜಾಗ ಹಿಡಿಸಿದೆ ಎಂದುಕೊಂಡ. ದಿನವೂ ಬೆಳಿಗ್ಗೆ ಆ ಒಂದು ಜಾಗಕ್ಕಾಗಿ ಸಾಧನೆ ಮಾಡಿದ. ಪ್ರತಿ ಕಛೇರಿಗೂ ಹೊಸದೊಂದು ಲಗ್ಗಿ ಕಟ್ಟಿಕೊಂಡು ಹೋದ. ಹಳೆಯದಕ್ಕೂ ಹೊಸದಕ್ಕೂ ಒಂದೇ ದನಿಯ ಭೇಷ್ ಬರುತ್ತಿತ್ತು. ಬುವಾಗೆ ಎರಡೂ ಸಮನಾಗಿ ಹಿಡಿಸಿವೆ ಎಂದು ತಿಳಿದ. ಬೇಕಾದದ್ದು ಸಿಕ್ಕವನು ಅದನ್ನು ತಿರುಗಿಸಿ ಮುರುಗಿಸಿ ನೋಡುವುದಿಲ್ಲ.

ನಾಲ್ಕನೆಯ ಕಛೇರಿ ಒಂದು ಹಳೆಯ ಸಭಾಂಗಣದಲ್ಲಿ ನಡೆಯಿತು. ಗೋಡೆಗಳು ತೇವವಾಗಿದ್ದವು. ಕೊನೆಯ ಪದಕ್ಕೆ ಬರುವಷ್ಟರಲ್ಲಿ ತಬಲಾದ ಶ್ರುತಿ ಇಳಿಯಿತು. ಮೂರನೆಯ ಚರಣ ಮುಗಿದಾಗ ಅದನ್ನು ನುಡಿಸುವಂತಿರಲಿಲ್ಲ. ತಬಲಾವಾದಕ ಕೈಸನ್ನೆಯಿಂದ ಗಾಯಕನಿಗೆ ಸ್ವಲ್ಪ ತಡೆಯಲು ಹೇಳಿದ. ಗಾಯಕ ನೋಡಲಿಲ್ಲ. ತಬಲಾವಾದಕ ಶ್ರುತಿ ಏರಿಸಲು ಸುತ್ತಿಗೆ ತೆಗೆದುಕೊಂಡು ತಬಲಾದ ಅಂಚನ್ನು ಬಡಿಯತೊಡಗಿದ. ಲಗ್ಗಿ ಇಲ್ಲ. ತಾಳವೂ ಇಲ್ಲ. ಟಕ್, ಟಕ್ ಎಂಬ ಸುತ್ತಿಗೆಯ ಸದ್ದು ಮಾತ್ರ.

"ಭೇಷ್!" ಎಂದ ಗಾಯಕ.

ಸಭೆ ನಕ್ಕಿತು. ಯಾರೋ ಹಿಂದಿನಿಂದ "ಸುತ್ತಿಗಿಗೆ ಇನ್ನೊಮ್ಮೆ!" ಎಂದು ಕೂಗಿದರು. ತಬಲಾವಾದಕನೂ ನಕ್ಕ. ಸುತ್ತಿಗೆಯನ್ನು ಹಣೆಗೆ ಮುಟ್ಟಿಸಿಕೊಂಡು ಸಭೆಗೆ ಕೈಮುಗಿದ. ಜನ ಇನ್ನಷ್ಟು ನಕ್ಕರು. ಜನ ಸಂತೋಷಪಟ್ಟಿದ್ದಾರೆ ಎಂದು ಗಾಯಕ ನಾಲ್ಕನೆಯ ಚರಣವನ್ನು ಉತ್ಸಾಹದಿಂದ ಹಾಡಿದ. ತಬಲಾವಾದಕ ಒಂದು ಪೆಟ್ಟೂ ತಪ್ಪದಂತೆ ಕೊನೆಯವರೆಗೆ ನುಡಿಸಿದ.

ಕಛೇರಿ ಮುಗಿದ ಮೇಲೆ ಇಬ್ಬರೂ ವೇದಿಕೆಯ ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತ ಕುಳಿತರು.

"ಬುವಾ, ಇವತ್ತ ಯಾವುದಕ್ಕ ಭೇಷ್ ಅಂದ್ರಿ?" ಎಂದು ತಬಲಾವಾದಕ ಕೇಳಿದ.

"ಮೂರನೇ ಚರಣದ ಲಗ್ಗಿಗೆ."

"ನಾ ಲಗ್ಗಿ ಬಾರಿಸಲಿಲ್ಲರಿ. ಸುತ್ತಿಗಿ ಬಡಿಯಾಕತ್ತಿದ್ದೆ."

ಗಾಯಕ ಬಟ್ಟಲನ್ನು ಕೆಳಗಿಟ್ಟ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಟ್ಯಾಬ್ ತೆಗೆದು ಕೆಂಪು ಸಾಲನ್ನು ತೋರಿಸಿದ.

"ಸುಮ್ಮನ ಬರದಿಲ್ಲೋ ಮಾರಾಯ. ಹತ್ತು ಕಛೇರಿ ಕೇಳಿ ಬರದೀನಿ. ಆ ಜಾಗಾದಾಗ ನೀ ಯಾವತ್ತೂ ಛಲೋ ಬಾರಸ್ತಿ."

ತಬಲಾವಾದಕ ಆ ಎರಡು ಮಾತುಗಳನ್ನು ನಿಧಾನವಾಗಿ ಓದಿದ.

"ಹತ್ತೂ ಕೇಳಿದ್ರಿ?"

"ಹತ್ತೂ ಕೇಳೀನಿ. ಮನ್ಯಾಗ ಕೂತು, ಕದ ಹಾಕ್ಕೊಂಡು."

"ಆವಾಗ ಭೇಷ್ ಅಂದಿದ್ರೇನು?"

ಗಾಯಕ ನೆನಪು ಮಾಡಿಕೊಂಡ.

"ಅಂದಿದ್ದೆ. ಎರಡು ಸಲ. ತಾನ ಬಾಯಿಗೆ ಬಂತು. ಒಬ್ಬನ ಇದ್ದೆ."

"ಆ ಎರಡು ನನಗ ಬೇಕಾಗಿದ್ವು, ಬುವಾ," ಎಂದ ತಬಲಾವಾದಕ.

ಚಹಾ ಮುಗಿಸಿದ. ತಬಲಾಗಳನ್ನು ಗವಸಿಗೆ ಹಾಕಿ ದಾರ ಬಿಗಿದ. ಗಾಯಕನ ಕಾಲು ಮುಟ್ಟಿ ನಮಸ್ಕರಿಸಿ ಹೊರಗೆ ಹೋದ. ಪಕ್ಕದ ಊರಿನ ಗಾಯಕಿಗೆ ಅಷ್ಟರಲ್ಲಿ ಬೇರೊಬ್ಬ ಸಾಥಿದಾರ ಸಿಕ್ಕಿದ್ದ. ಅದು ತಿಳಿದ ಮೇಲೂ ತಬಲಾವಾದಕ ಹಿಂದಿರುಗಿ ಬರಲಿಲ್ಲ.

ಗಾಯಕನಿಗೆ ದುಃಖವಾಗಲಿಲ್ಲ ಎನ್ನುವಂತಿಲ್ಲ. ಮೂರು ದಿನ ಅವನು ತಂಬೂರಿ ಮುಟ್ಟಲಿಲ್ಲ. ಆದರೆ ಮುಂದಿನ ಕಛೇರಿ ಒಪ್ಪಿಕೊಂಡಾಗಿತ್ತು. ಬೇರೊಬ್ಬ ತಬಲಾವಾದಕನನ್ನು ಕರೆಸಿದ. ಹೊಸಬನ ಕೈ ಸ್ವಲ್ಪ ಚುರುಕು. ಗಾಯಕ ಎರಡು ದಿನ ಕುಳಿತು ಅವನ ವೇಗಕ್ಕೆ ಎಲ್ಲ ಪದಗಳನ್ನೂ ಮತ್ತೆ ಹೊಂದಿಸಿದ. ಒಂದೊಂದು ಸಾಲಿನ ಹೊತ್ತನ್ನೂ ಅಳೆದ. ಲಗ್ಗಿಯ ಜಾಗದಲ್ಲಿ ಎರಡು ಖಾಲಿ ಸಾಲುಗಳನ್ನು ಕಡಿಮೆ ಮಾಡಿದ.

ಕಛೇರಿಯ ದಿನ ಎಲ್ಲವೂ ಸರಿಯಾಗಿ ನಡೆಯಿತು. ಕೊನೆಯ ಪದ ಬಂತು. ಮೂರನೆಯ ಚರಣ ಮುಗಿಯಿತು. ಹೊಸಬ ಲಗ್ಗಿ ನುಡಿಸಿದ. ಗಾಯಕ ಪರದೆಯಿಂದ ಕಣ್ಣು ತೆಗೆಯದೆ "ಭೇಷ್!" ಎಂದ. ಹೊಸಬ ಹಿಗ್ಗಿ ಹೋದ.

ತುಂಗಾಬಾಯಿಯವರು ಇಲ್ಲಿಗೆ ಕತೆಯನ್ನು ನಿಲ್ಲಿಸಿದರು.

ಮಾಲಿನಿಗೆ ಸಮಾಧಾನವಾಗಲಿಲ್ಲ. "ಅಷ್ಟೆಲ್ಲ ಆದ ಮೇಲೂ ಅವನು ಆ ಸಾಲನ್ನು ಅಳಿಸಲಿಲ್ಲವೇ, ಅಕ್ಕಾವರೇ?" ಎಂದು ಕೇಳಿದಳು.

"ಅಳಿಸು ಎಂದು ಟ್ಯಾಬಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ," ಎಂದರು ತುಂಗಾಬಾಯಿ.