ಕಲ್ಮಳಗಿಯ ಮೂಕಬಂಡೆ

ದ್ಯಾಮಣ್ಣ ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ, ಮೂರನೇ ಇಯತ್ತೆಯ ಪಾಟಿಯನ್ನು ಶಾಲೆಯ ಕಟ್ಟೆಯ ಮೇಲೆಯೇ ಬಿಟ್ಟು. ಹತ್ತಾರು ಊರಿನ ನೀರು ಕುಡಿದು, ಹತ್ತಿಯ ಗಿರಣಿ, ಲಾರಿ, ನಾಟಕದ ಕಂಪನಿ ಎಂದು ಎಲ್ಲಿಯೂ ವರ್ಷ ತುಂಬ ನಿಲ್ಲದ ಆ ಮನುಷ್ಯ ಏಳು ವರ್ಷ ಒಂದೇ ಕಡೆ ನಿಂತನೆಂದರೆ ಅದು ಕಲ್ಮಳಗಿಯಲ್ಲಿ, ಈಗ ಬೀಜದ ಗೋದಾಮಾಗಿರುವ ಹಳೆಯ ಹೆಣ್ಣುಮಕ್ಕಳ ಕಾಲೇಜಿನ ಗೇಟಿನಲ್ಲಿ. ಗೋದಾಮಿನ ಬೆನ್ನಿಗೆ, ಅದೇ ಕಾಂಪೌಂಡಿನೊಳಗೆ, ಆನೆ ಮಲಗಿದಂತೆ ಒಂದು ಬಂಡೆ ಇದೆ. ಊರವರು ಅದನ್ನು ಮೂಕಬಂಡೆ ಎನ್ನುತ್ತಾರೆ. ಅಲ್ಲಿ ಕೂಗಿದರೆ ಮಾರ್ದನಿ ಬರುವುದಿಲ್ಲ, ಅದಕ್ಕೇ ಆ ಹೆಸರು ಎಂದು ಹೊಸಬರು ತಿಳಿಯುತ್ತಾರೆ. ಕೂಗಿ ನೋಡಿದವರಿಗೆ ಗೊತ್ತು, ಒಂದು ಕೂಗಿಗೆ ಮೂರು ಕೂಗು ಮರಳುತ್ತವೆ. ಹೆಸರಿನ ಬೇರು ಬೇರೆಯೇ ಇದೆ.

ಹಿಂದೆ ಒಮ್ಮೆ, ಕಾಲೇಜು ತುಂಬಿದ್ದ ಕಾಲದಲ್ಲಿ, ಊರಿಗೆಲ್ಲ ಅತಿ ಗದ್ದಲದ ಜಾಗವೇ ಅದು. ಹಾಸ್ಟೆಲಿನ ನಲವತ್ತೊಂದು ಹುಡುಗಿಯರು ಸಂಜೆ ತಲೆ ಬಾಚಿಕೊಳ್ಳುವುದು ಅಲ್ಲಿ, ಸೇಂಗಾ ಸುಲಿಯುವುದು ಅಲ್ಲಿ, ಜಗಳವೂ ಅಲ್ಲಿಯೇ. ದೀಪ ಹಚ್ಚುವ ಹೊತ್ತಿಗೆ ವಾರ್ಡನ್ ಅಂಬುಜಾಬಾಯಿ ಕೆಳಗೆ ನಿಂತು ಹಾಜರಿ ಕೂಗುವರು. ಮೇಲಿನಿಂದ ಒಬ್ಬೊಬ್ಬಳೇ 'ಇದ್ದೀನ್ರೀ' ಎನ್ನಬೇಕು. ಹಾಜರಿ ಪುಸ್ತಕದಿಂದ ಅವರು ಕಣ್ಣೆತ್ತುತ್ತಿರಲಿಲ್ಲ. ಹಾಗಾಗಿ ಪೇಟೆಗೆ ಹೋದವಳ ಪರವಾಗಿ ಇನ್ನೊಬ್ಬಳು ಕೂಗುವ ವಿದ್ಯೆ ಅಲ್ಲಿ ಪಾಠಕ್ಕಿಂತ ಚೆನ್ನಾಗಿ ಬೆಳೆಯಿತು. ಅದರಲ್ಲಿ ಕಮಲಾಕ್ಷಿಯನ್ನು ಮೀರಿಸುವವರಿರಲಿಲ್ಲ. ನೆಗಡಿಯಾದವಳ ದನಿಯನ್ನು ನೆಗಡಿಯ ಸಮೇತ ತೆಗೆಯುವಳು. ಗೇಟು ಕಾಯುವ ದ್ಯಾಮಣ್ಣನೂ ಈ ಆಟದಲ್ಲಿ ಪಾಲುದಾರ. ಹೊರಗುಳಿದವಳು ಬರುವ ತನಕ ಬೀಗವನ್ನು ಒತ್ತದೆ ಸುಮ್ಮನೆ ತೂಗುಹಾಕುತ್ತಿದ್ದ. "ಏನ್ ದ್ಯಾಮಣ್ಣಾ, ನಿನ್ನ ಬೀಗಕ್ಕ ಹಲ್ಲ ಇಲ್ಲೇನು?" ಎಂದು ಹುಡುಗಿಯರು ಕೆಣಕಿದರೆ, "ಹಲ್ಲ ಅದಾವ್ರಿ ಯವ್ವಾ, ನಿಮ್ಮನ್ನ ಕಡಿಯೂದಿಲ್ಲ ಅಷ್ಟ" ಎನ್ನುತ್ತಿದ್ದ.

ದ್ಯಾಮಣ್ಣ ಗೇಟಿಗೆ ಬಂದ ಏಳನೇ ವರ್ಷ ಸಾವಂತ್ರಿ ಎಂಬವಳು ಕಡೆಯ ಪರೀಕ್ಷೆಗೆ ಓದುತ್ತಿದ್ದಳು. ಅವಳನ್ನು ಸೋದರಮಾವ ಈರಭದ್ರನಿಗೆ ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಒಲ್ಲೆನೆಂದು ಅವಳು ಮನೆಗೆ ಕಾಗದ ಬರೆದಿದ್ದಳು. ಪರೀಕ್ಷೆಯ ಅರ್ಜಿ ಅಂಚೆಗೆ ಹಾಕಲು ಅವಳು ಹೋದ ಸಂಜೆ, ಅವಳ ಹೆಸರಿಗೆ ಕಮಲಾಕ್ಷಿ 'ಇದ್ದೀನ್ರೀ' ಎಂದಳು. ಪೇಟೆಯಲ್ಲಿ ಪುಂಡರು ಸುಳಿದಾಡುತ್ತಾರೆಂಬ ಸುದ್ದಿ ಕೇಳಿ ಅಂಬುಜಾಬಾಯಿ ಅಂದು ತಾವೇ ಗೇಟಿಗೆ ಬಂದು ಬೀಗ ಒತ್ತಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಸಾವಂತ್ರಿ ಹೊರಗಿರುವುದು ದ್ಯಾಮಣ್ಣನಿಗೆ ಗೊತ್ತಿತ್ತು. ಗೇಟು ತೆಗೆದು ಕಳಿಸಿದವನೇ ಅವನು. ಹೇಳಿದರೆ ಕಮಲಾಕ್ಷಿಯನ್ನು ನಾಳೆಯೇ ಊರಿಗೆ ಅಟ್ಟುತ್ತಾರೆ, ತನ್ನನ್ನೂ. ಊಟವಾದ ಮೇಲೆ ಏನಾದರೂ ನೆಪ ಹೇಳಿ ಕೀಲಿಕೈ ಇಸಿದುಕೊಂಡರಾಯಿತು ಎಂದು ಸುಮ್ಮನಾದ.

ಸ್ವಲ್ಪ ಹೊತ್ತಿಗೇ ಸಾವಂತ್ರಿ ಓಡಿ ಬಂದಳು. ಹಿಂದೆ ಈರಭದ್ರ, ಅವನ ಹಿಂದೆ ಇಬ್ಬರು. ಗೇಟಿನ ಸರಳು ಹಿಡಿದು "ದ್ಯಾಮಣ್ಣಾ, ತಗೀ!" ಎಂದು ಚೀರಿದಳು. ದ್ಯಾಮಣ್ಣ ಕೀಲಿಕೈಗೆ ಓಡಿದ. ಅಂಬುಜಾಬಾಯಿ ಹಾಜರಿ ಪುಸ್ತಕ ತಟ್ಟಿ, "ಪುಂಡರ ಆಟ ಅದು. ನನ್ನ ನಲವತ್ತೊಂದೂ ಒಳಗದಾವ. ಸಾವಂತ್ರಿ ಹಾಜರಿ ಹೇಳ್ಯಾಳ, ಕೇಳಲಿಲ್ಲೇನು?" ಎಂದರು. ದ್ಯಾಮಣ್ಣ ಅಲ್ಲೇ ನಿಂತಿದ್ದ ಕಮಲಾಕ್ಷಿಯ ಮುಖ ನೋಡಿದ, ಅವಳು ಇವನ ಮುಖ. ನಾಲ್ಕು ಉಸಿರಿನಷ್ಟು ಹೊತ್ತು ಇಬ್ಬರಿಗೂ ಬಾಯಿ ಬರಲಿಲ್ಲ. ಹೊರಗೆ ಈರಭದ್ರ ಜಡೆ ಹಿಡಿದು ಜಗ್ಗಿದರೂ ಸಾವಂತ್ರಿ ಸರಳು ಬಿಡಲಿಲ್ಲ. ಅವನು ಕುಡಗೋಲಿನಿಂದ ಬೆರಳುಗಳ ಮೇಲೆ ಹೊಡೆದ, ಹಿಂದೆಯೇ ಕುತ್ತಿಗೆಗೆ. "ಅಕಿ ಹೊರಗದಾಳ್ರೀ! ಕೂಗಿದಾಕಿ ನಾನು!" ಎಂದು ಕಮಲಾಕ್ಷಿ ಕಿರುಚುವ ಹೊತ್ತಿಗೆ ತಡವಾಗಿತ್ತು. ದ್ಯಾಮಣ್ಣ ಕೀಲಿಕೈಗೆ ಕಾಯದೆ ಗುಂಡುಕಲ್ಲೆತ್ತಿ ಬೀಗ ಒಡೆದ.

ಮುಂದಿನದನ್ನು ಊರವರು ಇಂದಿಗೂ ದನಿ ಇಳಿಸಿಯೇ ಹೇಳುತ್ತಾರೆ. ಗೇಟು ತೆರೆದದ್ದೇ ಬೆನ್ನಿಗೆ ಬಂದಿದ್ದ ಇಬ್ಬರೂ ಓಟ ಕಿತ್ತರು. ಈರಭದ್ರ ಮಾತ್ರ ತಲೆ ಕೆಟ್ಟವನಂತೆ ಕುಡಗೋಲು ಬೀಸುತ್ತ ಒಳಕ್ಕೇ ನುಗ್ಗಿ ದ್ಯಾಮಣ್ಣನ ತೋಳು ಸೀಳಿದ. ಅಡಿಗೆಮನೆಯ ಒನಕೆ, ಸೌದೆ, ಕೈಗೆ ಸಿಕ್ಕಿದ್ದು ಹಿಡಿದ ಹುಡುಗಿಯರು ಅವನನ್ನು ಬಂಡೆಯ ಬುಡಕ್ಕೆ ಅಟ್ಟಿದರು. ಆಮೇಲೆ ಮೇಲಿನಿಂದ ಕಲ್ಲು ಬಿದ್ದವು. "ಸಾಕ್ರವ್ವಾ, ಸತ್ತಾನ" ಎಂದು ದ್ಯಾಮಣ್ಣ ಅಡ್ಡ ನಿಂತಾಗ ಆ ಮುಖದಲ್ಲಿ ಗುರುತು ಹಿಡಿಯುವಂಥದ್ದು ಏನೂ ಉಳಿದಿರಲಿಲ್ಲ.

ಮರುದಿನ ಫೌಜದಾರ ಬಂದು ಎಲ್ಲರನ್ನೂ ಬಂಡೆಯ ಮೇಲೆ ಕೂರಿಸಿ, ಹಾಜರಿ ಪುಸ್ತಕ ಕೈಗೆತ್ತಿಕೊಂಡ. "ಕಲ್ಲು ಒಗದಾಕಿ ಹೆಸರು ಬಂದಾಗ 'ಇದ್ದೀನಿ' ಅನ್ನಬೇಕು, ಇಲ್ಲಾಂದ್ರ ಎಲ್ಲಾರನ್ನೂ ಒಯ್ತೀನಿ" ಎಂದು ಗದರಿಸಿದ. ನಲವತ್ತು ಹೆಸರು ಕರೆದ. ಯಾರೂ ತುಟಿ ಬಿಚ್ಚಲಿಲ್ಲ. ಮತ್ತೆ ಮೊದಲಿನಿಂದ ಕರೆದ, ಬೈದ, ಬೆತ್ತ ಮುರಿಯುವ ತನಕ ದ್ಯಾಮಣ್ಣನನ್ನು ಹೊಡೆದ. ಮಧ್ಯಾಹ್ನಕ್ಕೆ ಫೌಜದಾರನದೇ ಗಂಟಲು ಆರಿ, ವಾರ್ಡನ್ ಕಡೆ ತಿರುಗಿ, "ನೀವರೆ ಹೇಳ್ರಿ ಬಾಯಾರ, ನೀವು ಇಲ್ಲೇ ಇದ್ದಿರಲ್ಲ?" ಎಂದ. ಅಂಬುಜಾಬಾಯಿ ತಲೆ ತಗ್ಗಿಸಿ, "ನಾನು ಪುಸ್ತಕ ನೋಡ್ತಿದ್ದೆ" ಎಂದರು. ಮೊಕದ್ದಮೆ ನಿಲ್ಲಲಿಲ್ಲ. ಅಂದಿನಿಂದ ಅದು ಮೂಕಬಂಡೆ.

ಬೀಜ ಕೊಳ್ಳಲು ಬಂದವರಿಗೆ ಈಗಲೂ ಗೇಟಿನ ಬಲಗಡೆಯ ಸರಳುಗಳಲ್ಲಿ ಕುಡಗೋಲಿನ ಕಚ್ಚು ಕಾಣುತ್ತದೆ. ದೂರದ ಊರಿಗೆ ಓದಲು ಹೊರಟ ಹುಡುಗಿಯರು ಅದಕ್ಕೆ ಬೆರಳು ತಾಗಿಸಿ ಬಸ್ಸು ಹತ್ತುತ್ತಾರೆ.

ದ್ಯಾಮಣ್ಣ ಆ ಗೇಟು ಮತ್ತೆ ಕಾಯಲಿಲ್ಲ. ಬೆನ್ನಿನ ಬಾಸುಂಡೆ ಆರುವ ಮೊದಲೇ ಕಂಬಳಿ ಹಾಸಿ ಸಾಮಾನು ಕಟ್ಟತೊಡಗಿದಾಗ ಕಮಲಾಕ್ಷಿ ಬಂದು ಬಾಗಿಲಲ್ಲಿ ನಿಂತಳಂತೆ.

"ನನ್ನ ಬಾಯೇ ಅಕಿನ್ನ ತಿಂತು, ದ್ಯಾಮಣ್ಣಾ."

"ನೀ ಅಕಿ ಸಲುವಾಗಿ ಬಾಯಿ ತಗದಿ. ನಾ ಗೊತ್ತಿದ್ದೂ ಮುಚ್ಚಿದೆ. ಬೀಗ ಹಾಕೂ ಮುಂದ ಒಂದು ಮಾತು ಅಂದಿದ್ರ ಆಗ್ತಿತ್ತು ಯವ್ವಾ. ಅದು ನಂದು, ನಾ ಒಯ್ತೀನಿ. ನೀ ಪರೀಕ್ಷಾ ಬರಿ."

ಒಂದು ಕೈ ಎತ್ತಲಾರದೆ ಅವನು ಕಂಬಳಿಯ ತುದಿಗಳನ್ನು ಹಲ್ಲಲ್ಲಿ ಕಚ್ಚಿ ಗಂಟು ಬಿಗಿದ.