ಜೋಡಿ ತಪ್ಪಿದ ಬೀಸುಕಲ್ಲು

ತನ್ನ ಜೋಡಿಯ ಕೆಳಗಲ್ಲು ಸೀಳಿಹೋದಾಗ ಬೀಸುವ ಮೇಲ್ಗಲ್ಲು ದಿಕ್ಕಿಲ್ಲದಂತಾಯಿತು. ತಿಪ್ಪವ್ವ ಅದನ್ನು ಬೇರೊಂದು ಕೆಳಗಲ್ಲಿನ ಮೇಲೆ ಕೂರಿಸಿ ರಾಗಿ ಬೀಸಿದಳು. ಕೆಳಗಲ್ಲಿನ ಗೂಟ ಸಣ್ಣದು, ಮೇಲ್ಗಲ್ಲಿನ ತೂತು ದೊಡ್ಡದು. ಕಲ್ಲು ಓಲಾಡಿ ಬರೀ ನುಚ್ಚು ಬಿತ್ತು.

"ಈ ಮೇಲ್ಗಲ್ಲು ಬಚ್ಚಲಿಗೆ ಹಾಸೋಕೇ ಸರಿ," ಎಂದಳು ತಿಪ್ಪವ್ವ.

"ನನ್ನ ಹಳೇ ಜೋಡಿ ಹೀಗೆ ಓಲಾಡಿಸುತ್ತಿರಲಿಲ್ಲ. ತಪ್ಪು ನಿನ್ನದೇ," ಎಂದು ಮೇಲ್ಗಲ್ಲು ಕೆಳಗಲ್ಲಿನ ಮೇಲೆ ಸಿಡುಕಿತು.

"ಇರಬಹುದು. ಗೂಟಕ್ಕೊಂದು ಚಿಂದಿ ಸುತ್ತಿದರೆ ಇಬ್ಬರೂ ಇದ್ದ ಹಾಗೇ ಇದ್ದು ಬೀಸಬಹುದು," ಎಂದಿತು ಕೆಳಗಲ್ಲು.

ಆ ಮಾತು ಕೇಳಿ ತಿಪ್ಪವ್ವ ಗೂಟಕ್ಕೆ ಹಳೇ ಸೀರೆಯ ಚಿಂದಿ ಸುತ್ತಿದಳು. ಹಿಟ್ಟು ನುಣ್ಣಗೆ ಇಳಿಯಿತು.

ಮೇಲ್ಗಲ್ಲು ನಾಚಿತು. "ಅಷ್ಟು ಬೈದೆ, ನೀನೇಕೆ ತಿರುಗಿ ಬೈಯಲಿಲ್ಲ?"

"ನನ್ನ ಗೂಟ ಸವೆದು ನನ್ನ ಮೊದಲ ಮೇಲ್ಗಲ್ಲು ಓಲಾಡಿದಾಗ, ತಪ್ಪು ನಿನ್ನದೇ ಎಂದು ನಾನೂ ಬೈದಿದ್ದೆ. ಅದೀಗ ಬಚ್ಚಲಲ್ಲಿದೆ."